ರುಕ್ಮಿಣಿಬಾಯಿಯ ಬಾವಿ ಕಡೆಯ ತುಂಡು

ಘತ್ತರಗಿಯಿಂದ ಆಚೆ, ಭೀಮಾ ದಂಡೆಯ ಊರೊಂದರಲ್ಲಿ ರುಕ್ಮಿಣಿಬಾಯಿಗೆ ಎರಡು ವಿಷಯಕ್ಕೆ ಹೆಸರಿತ್ತು. ಒಂದು, ಎಳ್ಳಮವಾಸ್ಯೆಯ ಹೊಲದ ಪೂಜೆಗೆ ಅವಳು ಹತ್ತಾರು ಸೊಪ್ಪು, ಕಾಳು, ಕಾಯಿ ಕೂಡಿಸಿ ಕುದಿಸುವ ಭಜ್ಜಿ. ಇನ್ನೊಂದು, ಜಗಳವಾಡದೆ ಗಂಡನನ್ನು ಸೋಲಿಸುವುದು. ಈ ವರ್ಷ ಎರಡನೆಯದು ಕೈಕೊಡುವ ಹಾಗೆ ಕಾಣುತ್ತಿತ್ತು.

ಬಾವಿಯ ಪಕ್ಕ ಅವಳದೊಂದು ತುಂಡು ನೆಲ. ಅಲ್ಲಿ ಭಜ್ಜಿಗೆ ಬೇಕಾದ ಮೆಂತ್ಯ, ಪುಂಡಿ, ಸಬ್ಬಸಗಿ, ಅವರೆ, ಬದನೆ, ಯಾವುದಕ್ಕೂ ಸಾಲಿಲ್ಲ, ಶಿಸ್ತಿಲ್ಲ. ಸಂತೆಯ ದಿನದ ಬಸ್ಸಿನ ಹಾಗೆ ಒಂದರ ಮೈಮೇಲೆ ಇನ್ನೊಂದು. ಸುತ್ತಲಿನ ಹೊಲಗಳಿಗೆಲ್ಲ ಕಬ್ಬು ಬಂದಿತ್ತು. ಹಬ್ಬ ಮುಗಿದ ಕೂಡಲೇ ಈ ತುಂಡಿಗೂ ಕಬ್ಬು ಹಚ್ಚುತ್ತೇನೆ ಎಂದು ಗಂಡ ಅಣ್ಣಾರಾಯ ಹೇಳಿಬಿಟ್ಟಿದ್ದ.

"ಪಲ್ಯ ಏನ್ ಬೇ, ಸಂತ್ಯಾಗ ಸಿಗ್ತದ."

"ಸಿಗ್ತದ್ರಿ. ತರೋರು ಯಾರು?"

ಹಿಂದಿನ ಸಲ ಸಂತೆಗೆ ಹೋದ ಅಣ್ಣಾರಾಯ ತಾಲೂಕಿನ ಸುದ್ದಿಯನ್ನೆಲ್ಲ ಹೊತ್ತು ತಂದಿದ್ದ, ಬದನೆಕಾಯಿ ಮರೆತಿದ್ದ. ಆದರೂ ಅವನ ಮಾತು ಬದಲಾಗಲಿಲ್ಲ.

ಹಬ್ಬದ ದಿನ ಪಕ್ಕದ ಓಣಿಯ ಧಮ್ಮಪಾಲನ ಮಗಳು ಪಂಚಶೀಲಾ ಒಬ್ಬ ಅತಿಥಿಯನ್ನು ಕರೆದುಕೊಂಡು ಬಂದಳು. ಪಂಚಶೀಲಾ ಕಲಬುರಗಿಯ ಮಹಿಳಾ ಸಂಸ್ಥೆಯೊಂದರಲ್ಲಿ ಕೆಲಸಕ್ಕಿದ್ದಳು. ಅತಿಥಿಯ ಹೆಸರು ನೆನಿತಾ. ಫಿಲಿಪ್ಪೀನ್ಸ್ ದೇಶದ ನೆಗ್ರೋಸ್ ಎಂಬ ದ್ವೀಪದ ರೈತ ಹೆಂಗಸು, ಸಂಸ್ಥೆಯ ಸಭೆಗೆ ಬಂದವಳು.

"ಪರಿಸರ ಸ್ತ್ರೀವಾದದ ಮ್ಯಾಲ ಸಭಾ ಇತ್ತು ಕಾಕು," ಎಂದಳು ಪಂಚಶೀಲಾ.

"ಅದನ್ನ ಯಾವ ತಿಂಗಳದಾಗ ಬಿತ್ತತಾರವಾ?"

"ನಗಬ್ಯಾಡ್ರಿ. ದುಡ್ಡಿಗಂತ ಒಂದೇ ಬೆಳಿ ಹಾಕಿದ್ರ ಭೂಮಿನೂ ಸೋಲ್ತದ, ಮನಿ ಹೆಂಗಸ್ರೂ ಉಪವಾಸ ಬೀಳ್ತಾರ. ಎರಡೂ ಒಂದೇ ಸಂಕಟ ಅಂತ ಹೇಳೂ ವಿಚಾರ ಅದು."

"ಹಂಗಂದ್ರ ನನಗ್ಯಾಕ ಹೇಳ್ತಿ? ನಿಮ್ಮ ಕಾಕಾಗ ಹೇಳು ಹೋಗು!"

ಪಂಚಶೀಲಾ ಹೇಳಲಿಲ್ಲ. ಕಾಕಾ ಸಭೆಗಳಲ್ಲಿ ನಿದ್ದೆ ಹೋಗುವ ಜಾತಿಯವನೆಂದು ಅವಳಿಗೆ ಗೊತ್ತಿತ್ತು. ಹಾಗಾಗಿ ಹೇಳುವ ಕೆಲಸವನ್ನು ರುಕ್ಮಿಣಿಬಾಯಿ ಹೊಲದ ಊಟದ ಬುಟ್ಟಿಯಲ್ಲೇ ಕಟ್ಟಿಕೊಂಡಳು.

ಹೊಲದಲ್ಲಿ ಪೂಜೆಯಾಯಿತು. ಎಡೆಯ ಅಡುಗೆಯನ್ನು ಬೆಳೆಗೆ ಚರಗವೆಂದು ಚೆಲ್ಲಿ, ಭೂಮಿತಾಯಿಗೆ ಮೊದಲು ಉಣಿಸಿ, ಎಲ್ಲರೂ ನೆರಳಿಗೆ ಕುಳಿತರು. ಪಕ್ಕದ ಹೊಲದ ಸೂರ್ಯಕಾಂತನೂ ಬಂದ. ರುಕ್ಮಿಣಿಬಾಯಿ ಎಲ್ಲರ ತಾಟಿಗೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಹಬೆಯಾಡುವ ಭಜ್ಜಿ ಬಡಿಸಿದಳು. ಗಂಡನ ತಾಟಿಗೆ ಮಾತ್ರ ರೊಟ್ಟಿ ಮತ್ತು ಒಂದು ಹೆಂಟೆ ಬೆಲ್ಲ.

ಅಣ್ಣಾರಾಯ ತಾಟು ನೋಡಿದ, ಹೆಂಡತಿಯನ್ನು ನೋಡಿದ. "ಭಜ್ಜಿ ಎಲ್ಲದ?"

"ಮುಂದಿನ ವರ್ಷ ಇದೇ ಊಟ ಅಲ್ಲೇನ್ರಿ. ಈಗಿನಿಂದ್ಲೇ ರೂಢಿ ಆಗ್ಲಿ."

ಸೂರ್ಯಕಾಂತ ಹೊಟ್ಟೆ ಹಿಡಿದು ನಕ್ಕ. "ಉಣ್ಣಲೇ ಅಣ್ಣಾ, ಸಿಹಿ ಅದ!"

ನೆನಿತಾ ನಗಲಿಲ್ಲ. ಮಾತು ಅವಳಿಗೆ ತಿಳಿದಿರಲಿಲ್ಲ, ತಾಟು ಮಾತ್ರ ಕಂಡಿತ್ತು. ಈ ಮನೆಯಲ್ಲಿ ಊಟ ಸಾಲುತ್ತಿಲ್ಲ, ಅತಿಥಿಗೆ ಬಡಿಸಿ ಯಜಮಾನ ಬೆಲ್ಲ ಕಚ್ಚುತ್ತಿದ್ದಾನೆ ಎಂದುಕೊಂಡಳು. ತನ್ನ ಭಜ್ಜಿಯಲ್ಲಿ ಅರ್ಧ ತೆಗೆದು ಅಣ್ಣಾರಾಯನ ತಾಟಿಗೆ ಹಾಕಿದಳು.

ಸ್ವಂತ ಹೊಲದಲ್ಲಿ, ಹಬ್ಬದ ದಿನ, ಅತಿಥಿಯಿಂದ ಉಣಿಸಿಕೊಳ್ಳುವುದೆಂದರೆ! ಅಣ್ಣಾರಾಯನ ಕಿವಿಗಳು ಕೆಂಪಾದವು. "ಏ ಪಂಚಶೀಲಾ, ನಮ್ಮನ್ಯಾಗ ಬೇಕಾದಷ್ಟದ ಅಂತ ಹೇಳಬೇ ಆಕಿಗಿ!"

ಪಂಚಶೀಲಾ ಹೇಳಿದಳು. ನೆನಿತಾ ತಲೆಯಾಡಿಸಿ, ಮೆಲ್ಲಗೆ ಏನೋ ಹೇಳತೊಡಗಿದಳು.

"ಆಕಿ ಸಣ್ಣಾಕಿದ್ದಾಗ ಮನಿ ಬಾಗಿಲತನಕ ಕಬ್ಬೇ ಇತ್ತಂತ ಕಾಕಾ. ಸಕ್ಕರಿ ರೇಟ ಬಿತ್ತು, ಮಾಲಕರು ಕೆಲಸ ನಿಲ್ಲಿಸಿದ್ರು. ಗೆಣಸು ಹಚ್ಚಾಕ ಗೇಣು ಜಾಗ ಇರಲಿಲ್ಲ. ಅವ್ವ ಮಕ್ಕಳಿಗಿ ಕಬ್ಬು ಚೀಪಾಕ ಕೊಟ್ಟು ಮಲಗಸ್ತಿದ್ದಳಂತ. ಅವ್ವ ತಾನು ಏನು ಉಣ್ತಿದ್ದಳು ಅನ್ನೋದು ಇವತ್ತಿಗೂ ಆಕಿಗಿ ಗೊತ್ತಿಲ್ಲಂತ."

ರುಕ್ಮಿಣಿಬಾಯಿಯ ಸೌಟು ನಿಂತಿತು. ತಾನು ಚೇಷ್ಟೆಗೆ ಬಡಿಸಿದ್ದನ್ನು ಇನ್ನೊಬ್ಬಳು ನಿಜವಾಗಿ ಉಂಡು ಬಂದಿದ್ದಳು. ಅವಳು ನೆನಿತಾಳ ತಾಟು ತುಂಬಿಸಿದಳು, ಗಂಡನದನ್ನೂ ತುಂಬಿಸಿದಳು.

ಅಣ್ಣಾರಾಯ ಬೆಲ್ಲದ ಹೆಂಟೆಯನ್ನು ತಾಟಿನ ಅಂಚಿಗೆ ಸರಿಸಿದ. "ಬಾವಿ ಕಡೀಗಿ ಕಬ್ಬು ಬ್ಯಾಡ. ಅಲ್ಲಿ ಮಣ್ಣು ಅದಕ್ಕ ಸೇರಂಗಿಲ್ಲ."

ಅವನು ಮಣ್ಣಿನ ನೆಪ ಹೇಳಿದ್ದು ಎಲ್ಲರಿಗೂ ತಿಳಿಯಿತು. ಸೂರ್ಯಕಾಂತ ಬಾಯಿ ತೆರೆಯುವಷ್ಟರಲ್ಲಿ ರುಕ್ಮಿಣಿಬಾಯಿ ಅವನ ತಾಟಿಗೆ ಇನ್ನೊಂದು ಸೌಟು ಭಜ್ಜಿ ಸುರಿದಳು. "ನೀ ಉಣ್ಣಪ್ಪಾ ಸುಮ್ನ!" ಆಮೇಲೆ ತಾನೂ ಒಂದು ತಾಟು ಹಿಡಿದು ನೆನಿತಾಳ ಪಕ್ಕ ಕುಳಿತಳು.

ಈಗ ಅಣ್ಣಾರಾಯ ಅಫಜಲಪುರದ ಚಹಾದಂಗಡಿಯಲ್ಲಿ ಕುಳಿತು, "ಮನೀಗಂತ ಒಂದ್ ತುಂಡು ನೆಲ ಬಿಡಬೇಕ್ರಿ, ಇದು ನಂದೇ ವಿಚಾರ," ಎಂದು ಮಂದಿಗೆ ಬುದ್ಧಿ ಹೇಳುತ್ತಾನೆ. ಆ ಮಾತು ತಿರುಗಿ ತಿರುಗಿ ರುಕ್ಮಿಣಿಬಾಯಿಯ ಕಿವಿಗೂ ಬಿದ್ದಿದೆ. ಅವಳು ತಿದ್ದಲು ಹೋಗಿಲ್ಲ. ಇಡೀ ತಾಲೂಕಿನ ಮುಂದೆ ತನ್ನದೆಂದು ಹೇಳಿಕೊಂಡ ವಿಚಾರವನ್ನು ಗಂಡಸು ಅಷ್ಟು ಸುಲಭವಾಗಿ ಕೀಳಲಾರ ಎಂಬುದು ಅವಳ ಲೆಕ್ಕ.