ಅಣ್ಣಯ್ಯ ಕೂತ ಪಂಕ್ತಿ

ಸುಮ್ಮನೆ ಕೂಡುವುದೂ ಒಂದು ವಿದ್ಯೆ ಎಂದರೆ ನೀವು ನಗುತ್ತೀರಿ. ನಕ್ಕುಬಿಡಿ, ಅಡ್ಡಿಯಿಲ್ಲ. ಆದರೆ ಪರರ ಮನೆಗೆ ಹೋದಾಗ, ಒಳಗೆ ಪಾತ್ರೆಗಳ ಸದ್ದು ಕೇಳುತ್ತಿರುವಾಗ, ಒಗ್ಗರಣೆಯ ಪರಿಮಳ ಮೂಗಿಗೆ ಬಡಿಯುತ್ತಿರುವಾಗ, ಆತಿಥೇಯರು ಬೆವರೊರೆಸಿಕೊಳ್ಳುತ್ತ ಓಡಾಡುತ್ತಿರುವಾಗ, ಲವಲೇಶವೂ ಸಂಕೋಚವಿಲ್ಲದೆ, ಮುಖದಲ್ಲಿ ಒಂದು ಪ್ರಸನ್ನತೆಯನ್ನು ಧರಿಸಿ, ಎಲೆಯ ಮುಂದೆ ಕಾಲು ಮಡಚಿಕೊಂಡು ಕೂತಿರಬೇಕಾದರೆ ಅದಕ್ಕೆ ಪೂರ್ವಜನ್ಮದ ಸುಕೃತವೂ ಈ ಜನ್ಮದ ಅಭ್ಯಾಸವೂ ಎರಡೂ ಬೇಕು. ನನಗೆ ಎರಡೂ ಒದಗಿವೆ. "ಎಲೆ ಹಾಕೋಕ್ಕೆ ಮುಂಚೆ ಆ ಜಾಗದಲ್ಲಿ ಇವರು ಇರ್ತಾರೆ" ಎಂದು ನನ್ನ ಹೆಂಡತಿ ತೌರಿನವರೆದುರು ಒಮ್ಮೆ ಹೇಳಿದ್ದುಂಟು. ಅದನ್ನು ನಾನು ಪ್ರಶಸ್ತಿಯೆಂದೇ ಸ್ವೀಕರಿಸಿದ್ದೇನೆ.

ಈ ವಿದ್ಯೆಯಲ್ಲಿ ಶುದ್ಧ ನಿರಕ್ಷರಕುಕ್ಷಿ ಎಂದರೆ ನಮ್ಮ ಅಣ್ಣಯ್ಯ. ಅಪ್ಪ ಅಮ್ಮ ಒಬ್ಬರ ಹಿಂದೊಬ್ಬರು ತೀರಿಕೊಂಡಾಗ ಅವನಿಗೆ ಮೀಸೆ ಇನ್ನೂ ಸರಿಯಾಗಿ ಮೂಡಿರಲಿಲ್ಲ. ತಿಪಟೂರಿನ ಅಮಲ್ದಾರರ ಕಚೇರಿಯಲ್ಲಿ ಗುಮಾಸ್ತಗಿರಿ ಹಿಡಿದು ನನ್ನನ್ನು, ತಂಗಿ ಸರಸಳನ್ನು, ಹಾಲುಹಲ್ಲು ಬೀಳದಿದ್ದ ಕಿಟ್ಟಿಯನ್ನು ಸಾಕಿದ. ಬೆಳಗ್ಗೆ ಕಚೇರಿಗೆ ಮುಂಚೆ ಅವನೇ ಅಡುಗೆ ಮಾಡಿ, ನಮ್ಮನ್ನು ಸಾಲಾಗಿ ಕೂಡಿಸಿ, ಕಿಟ್ಟಿಯಿಂದ ಶುರುಮಾಡಿ ಬಡಿಸುತ್ತಿದ್ದ. ಲೋಕವೆಲ್ಲ ಹಿರಿಯರಿಂದ ಬಡಿಸಿದರೆ ನಮ್ಮ ಮನೆಯಲ್ಲಿ ಪಂಕ್ತಿ ಕಿರಿಯರಿಂದ ಆರಂಭವಾಗುತ್ತಿತ್ತು. ನಾವು ತಿಂದು, ಕೈ ತೊಳೆದು, ಸ್ಲೇಟು ಎತ್ತಿಕೊಂಡು ಓಡುವವರು. ಅವನು ಯಾವಾಗ ಉಣ್ಣುತ್ತಿದ್ದನೋ, ಏನು ಉಣ್ಣುತ್ತಿದ್ದನೋ ನೋಡಿದವರಿಲ್ಲ.

ಹೀಗೆ ಬಡಿಸುತ್ತ ಬಡಿಸುತ್ತಲೇ ಅವನ ಮದುವೆಯ ವಯಸ್ಸು ಜಾರಿಹೋಯಿತು. ಮೊದಲು ಸರಸಂದು ಆಗಲಿ ಎಂದ. ಆಮೇಲೆ ಇವನ ಓದು ಮುಗಿಯಲಿ ಎಂದ. ಇವನು ಎಂದರೆ ನಾನು, ಮತ್ತು ನನ್ನ ಓದು ಮುಗಿಯುವ ವಿಷಯದಲ್ಲಿ ಅವಸರಪಡುವ ಜಾಯಮಾನದ್ದಾಗಿರಲಿಲ್ಲ. ಆಮೇಲೆ ಕಿಟ್ಟಿಗೊಂದು ಕೆಲಸ ಎಂದ. ಸರಸ ಹಾಸನಕ್ಕೆ ಸೊಸೆಯಾಗಿ ಹೋದಳು, ನಾನು ತುಮಕೂರಿನಲ್ಲಿ ಮೇಷ್ಟರಾದೆ, ಕಿಟ್ಟಿ ಅರಸೀಕೆರೆಯಲ್ಲಿ ರೈಲ್ವೆ ಗಾರ್ಡಾಗಿ ಹಸಿರು ಬಾವುಟ ಹಿಡಿದ. ಅಷ್ಟು ಹೊತ್ತಿಗೆ ಅಣ್ಣಯ್ಯನಿಗೆ ನಲವತ್ತು ದಾಟಿತ್ತು. ಹೆಣ್ಣಿನ ಜಾತಕ ಹಿಡಿದು ಬರುತ್ತಿದ್ದವರು ಬೇರೆ ಬೀದಿಗಳಿಗೆ ತಿರುಗಿಕೊಂಡಿದ್ದರು.

ನಾವೆಲ್ಲ ಅದನ್ನು ಒಪ್ಪಿಕೊಂಡುಬಿಟ್ಟಿದ್ದೆವು. ಒಪ್ಪದವಳು ಸರಸ. ಅವಳ ಗಂಡನ ಕಡೆಯವರ ಮೂಲಕ ಮೈಸೂರಿನ ನಜರ್‌ಬಾದಿನಲ್ಲಿ ಒಂದು ಸಂಬಂಧ ಪತ್ತೆಹಚ್ಚಿದಳು. ಜಾನಕಿ ಎಂದು ಹೆಸರು, ಹುಡುಗಿಯರ ಮಿಡ್ಲ್ ಸ್ಕೂಲಿನಲ್ಲಿ ಉಪಾಧ್ಯಾಯಿನಿ. ಅರಮನೆಯ ಉಗ್ರಾಣದಲ್ಲಿದ್ದ ತಂದೆ ಬೇಗ ಹೋದ ಮೇಲೆ ತಂಗಿಯರ ಮದುವೆ, ತಮ್ಮನ ಓದು ಎಂದು ಆಕೆಯ ವಯಸ್ಸೂ ನಲವತ್ತರ ಹತ್ತಿರ ಬಂದಿತ್ತು. ಈ ನಡುವೆ ನೋಡಲು ಬಂದ ಇಬ್ಬರು ಮೂವರನ್ನು ಆಕೆಯೇ ಬೇಡವೆಂದಿದ್ದರಂತೆ. ಸೋಮವಾರ ಹಬ್ಬದ ರಜೆ ಸೇರಿ ಮೂರು ದಿನ ಬಿಡುವಾಗಿತ್ತು. ಗಂಡ, ಹೆಂಡಿರು, ಮಕ್ಕಳನ್ನೆಲ್ಲ ಅವರವರ ಊರಲ್ಲೇ ಬಿಟ್ಟು ಒಡಹುಟ್ಟಿದ ನಾವು ನಾಲ್ವರೇ ಮೈಸೂರು ನೋಡಿ ಬರುವುದು, ನಡುವೆ ಭಾನುವಾರ ಬೆಳಗ್ಗೆ ನಜರ್‌ಬಾದಿಗೂ ಹೋಗಿ ಬರುವುದು ಎಂದು ಸರಸ ವಿಧಿಸಿದಳು.

"ನೋಡ್ರೋ, ನಿಮ್ಮ ಸಮಾಧಾನಕ್ಕೆ ಬರ್ತೀನಿ" ಎಂದ ಅಣ್ಣಯ್ಯ. "ಇದು ಆಗಲಿಲ್ಲ ಅಂದ್ರೆ ಮತ್ತೆ ಯಾರೂ ನನ್ನ ಮದುವೆ ಮಾತು ಎತ್ತಕೂಡದು. ತಿಳೀತೇ?"

ಹೊರಡಲೆಂದು ತಿಪಟೂರಿನಲ್ಲಿ ಸೇರಿದ್ದ ನಾವು ತಿಳಿಯಿತು ಎಂದೆವು. ಆ ಮಾತು ಆಡುವಾಗ ಅವನು ಹೊಸದಾಗಿ ಹೊಲಿಸಿದ ಕೋಟನ್ನು ಪೆಟ್ಟಿಗೆಯೊಳಗೆ ಮಡಚಿಡುತ್ತಿದ್ದ. ಸರಸ ನನ್ನತ್ತ ನೋಡಿದಳು. ಅಣ್ಣಯ್ಯನಿಗೆ ಆಸೆಯಿದೆ ಎಂಬುದು ನಮಗೆ ಗೊತ್ತಾದದ್ದು ಆಗಲೇ, ಮತ್ತು ಗೊತ್ತಾದೊಡನೆ ನನಗೆ ಭಯವಾಯಿತು.

ಆಣೆಗಳು ಹೋಗಿ ನಯಾಪೈಸೆ ಬಂದ ಹೊಸತು. ಮೈಸೂರಿನ ಸ್ಟೇಷನ್ನಿನ ಹೊರಗೆ ಜಟಕಾದವನಿಗೂ ಸರಸಳಿಗೂ ಎರಡು ನಾಣ್ಯಪದ್ಧತಿಗಳ ನಡುವೆ ನಡೆದ ವಾಗ್ಯುದ್ಧದ ವರ್ಣನೆಯನ್ನು ಬಿಟ್ಟುಬಿಡುತ್ತೇನೆ. ಗಾಡಿ ಹತ್ತಿದ ಮೇಲೆ ಅವನು ಸೇಡು ತೀರಿಸಿಕೊಂಡದ್ದು ನನ್ನ ಮೇಲೆ. "ಸ್ವಾಮೇರು ಒಸಿ ಮುಂದುಕ್ ಬಂದ್ಬುಡಿ, ಇಲ್ದಿದ್ರೆ ಕುದ್ರೆ ಮ್ಯಾಕ್ ಎದ್ಬುಡ್ತದೆ!" ಮೊದಲ ಪಂಕ್ತಿಯಲ್ಲಿ ಕೂತವರಿಗೆ ಇಂಥ ಸನ್ಮಾನಗಳು ತಪ್ಪುವುದಿಲ್ಲ. ಚಿಕ್ಕ ಗಡಿಯಾರದ ಹತ್ತಿರ ಒಂದು ವಸತಿಗೃಹದ ಮಹಡಿಯಲ್ಲಿ ಕೋಣೆ ಹಿಡಿದು, ಮಧ್ಯಾಹ್ನವೆಲ್ಲ ಮೃಗಾಲಯದಲ್ಲಿ ತಿರುಗಿದೆವು. ರಸ್ತೆ ದಾಟುವಾಗಲೆಲ್ಲ ಅಣ್ಣಯ್ಯ ತನಗರಿವಿಲ್ಲದೆ ಕಿಟ್ಟಿಯ ಕೈ ಹಿಡಿದುಕೊಳ್ಳುತ್ತಿದ್ದ. ಇಡೀ ಗೂಡ್ಸ್ ಗಾಡಿಯನ್ನು ಕಾಯುವ ಕಿಟ್ಟಿ, ಯಾರಾದರೂ ರೈಲ್ವೆಯವರು ನೋಡಿಯಾರೆಂದು ಅತ್ತಿತ್ತ ಕಣ್ಣು ಹಾಯಿಸುತ್ತ, ಆದರೂ ಕೈ ಬಿಡಿಸಿಕೊಳ್ಳದೆ ದಾಟುತ್ತಿದ್ದ.

ಸಂಜೆ ಹೋಟೆಲಿನಲ್ಲಿ ಗ್ರಹಚಾರ ಕಾಣಿಸಿಕೊಂಡಿತು. ದೋಸೆ ಬಂತು, ಚಟ್ನಿ ತಡವಾಯಿತು. ಅಣ್ಣಯ್ಯ ಎದ್ದವನೇ ಸಪ್ಲೈಯರನ ಕೈಯಿಂದ ಚಟ್ನಿಯ ಬಕೆಟ್ಟು ಇಸಿದುಕೊಂಡು ನಮಗೆ ಬಡಿಸಿ, ಪಕ್ಕದ ಮೇಜಿನ ಅಪರಿಚಿತ ಸಂಸಾರಕ್ಕೂ ಬಡಿಸಿ, ಬಕೆಟ್ಟು ಹಿಂತಿರುಗಿಸಿದ. ಸಪ್ಲೈಯರು ಕೆಲಸ ಹೋದವನ ಮುಖ ಮಾಡಿಕೊಂಡು ನಿಂತಿದ್ದ. ಸರಸ ತಲೆ ಚಚ್ಚಿಕೊಂಡಳು.

"ಅಣ್ಣಯ್ಯ, ನಾಳೆ ಅಲ್ಲಿ ನೀನು ಗಂಡು ಕಣೋ! ಗಂಡು ಅಂದ್ರೆ ಕೂತ್ಕೋಬೇಕು. ಏಳಕೂಡದು. ಲೋಟ ಎತ್ತಕೂಡದು. ನಾನು ತರ್ತೀನಿ ಇರಿ ಅನ್ನಕೂಡದು. ನಾಳೆ ಒಂದು ಗಂಟೆ ಸುಮ್ನೆ ಕೂತ್ಕೊಂಡ್ರೆ ನಿನ್ನ ಗಂಟೇನು ಹೋಗತ್ತೆ?"

"ಕೂತ್ಕೋತೀನಿ ಕಣಮ್ಮ, ಕೂತ್ಕೋತೀನಿ" ಎಂದ ಅವನು, ಸರ್ಕಾರದ ಸುತ್ತೋಲೆಗೆ ರುಜು ಹಾಕುವವನ ಗಾಂಭೀರ್ಯದಿಂದ. ಈ ವಿಷಯದಲ್ಲಿ ನಾನೇ ತಜ್ಞನಾದ್ದರಿಂದ ಕೋಣೆಯಲ್ಲಿ ಅವನಿಗೆ ತರಬೇತಿ ಕೊಡುವ ಹೊಣೆ ನನ್ನ ಮೇಲೆ ಬಿತ್ತು. ಬೆನ್ನು ಹೇಗೆ ಒರಗಿಸಬೇಕು, ಬಡಿಸುವವರು ಬಂದಾಗ ಛಾವಣಿಯ ತೊಲೆಗಳನ್ನು ಹೇಗೆ ಪರಿಶೀಲಿಸಬೇಕು ಎಂದೆಲ್ಲ ಸೋದಾಹರಣವಾಗಿ ವಿವರಿಸಿದೆ. ಅವನು ಶ್ರದ್ಧೆಯಿಂದ ಕೇಳಿ, ಮುಗಿದ ಮೇಲೆ ನನಗೆ ಬಾಯಾರಿರಬಹುದೆಂದು ನೀರು ತಂದುಕೊಟ್ಟ.

ಭಾನುವಾರ ಬೆಳಗ್ಗೆ ಹೊಸ ಕೋಟು ತೊಟ್ಟು, ಕೋಣೆಯ ಮಸುಕು ಕನ್ನಡಿಯ ಮುಂದೆ ಬಹಳ ಹೊತ್ತು ನಿಂತಿದ್ದ. ಸರಸ, ಕಿಟ್ಟಿ ಮಲ್ಲಿಗೆ ಹೂವು ತರಲು ಮಾರ್ಕೆಟ್ಟಿಗೆ ಹೋಗಿದ್ದರು. ಅವನು ಕನ್ನಡಿಯಿಂದ ಕಣ್ಣು ತೆಗೆಯದೆ, "ತಲೆ ತುಂಬ ಬೆಳ್ಳಗಾಗಿದೆಯೇನೋ?" ಎಂದು ಕೇಳಿದ. "ಎಲ್ಲಿ? ಕಿವಿಯ ಹತ್ತಿರ ಒಂದೆರಡು" ಎಂದೆ. ಹಸಿ ಸುಳ್ಳು. ಅವನಿಗೂ ಗೊತ್ತಿತ್ತು. ಆದರೂ "ಹೌದೇನು?" ಎಂದು ಬಾಚಣಿಗೆ ತೆಗೆದುಕೊಂಡು ಮತ್ತೊಮ್ಮೆ ಬಾಚಿಕೊಂಡ. ಈ ಮನುಷ್ಯನಿಗೆ ಇವತ್ತು ಯಾರೂ ಬೇಡ ಅನ್ನದಿರಲಪ್ಪಾ ಎಂದು ನಾನು ಕಂಡ ಕಂಡ ದೇವರಿಗೆಲ್ಲ ಕೈಮುಗಿದೆ.

ನಜರ್‌ಬಾದಿನ ಮನೆ ಚಿಕ್ಕದು, ಚೊಕ್ಕಟವಾದದ್ದು. ಜಾನಕಿಯವರ ತಮ್ಮ ಶೀನು, ತುಂಬಿದ ಬಸುರಿಯಾಗಿದ್ದ ಅವನ ಹೆಂಡತಿ, ಹಲ್ಲಿಲ್ಲದಿದ್ದರೂ ಮಾತಿಗೇನೂ ಕೊರತೆಯಿಲ್ಲದ ಒಬ್ಬ ಸೋದರತ್ತೆ ನಮ್ಮನ್ನು ಬರಮಾಡಿಕೊಂಡರು. ಹೆಣ್ಣನ್ನು ಒಳಕೋಣೆಯಲ್ಲಿ ಕೂಡಿಸಿದ್ದರು. ತಿಂಡಿಯಾದ ಮೇಲೆ ಕಾಫಿ ತರುವುದು, ಆಗ ನೋಡುವುದು ಎಂದು ಅತ್ತೆಯ ಕಾರ್ಯಕ್ರಮ. ಸಂಬಂಧ ಕೂಡುವ ಮುನ್ನ ಊಟ ಮಾಡಬಾರದು, ತಿಂಡಿಗೆ ಅಡ್ಡಿಯಿಲ್ಲ ಎಂದು ಸರಸ ಶಾಸ್ತ್ರಾರ್ಥ ನಿರ್ಣಯಿಸಿದಳು. ಶಾಸ್ತ್ರಕಾರರ ದಯಾಗುಣಕ್ಕೆ ನಾನು ಮನಸ್ಸಿನಲ್ಲೇ ವಂದಿಸಿದೆ. ಹಜಾರದಲ್ಲಿ ಮಣೆ, ಎಲೆ ಹಾಕಿದರು. ಮೊದಲು ಅಣ್ಣಯ್ಯ, ಪಕ್ಕದಲ್ಲಿ ನಾನು, ಆಮೇಲೆ ಸರಸ, ಕೊನೆಗೆ ಕಿಟ್ಟಿ. ಅಣ್ಣಯ್ಯ ಬೆನ್ನು ಗೋಡೆಗೆ ಒರಗಿಸಿ ತೊಲೆಗಳನ್ನು ನೋಡತೊಡಗಿದ. ಶಿಷ್ಯನ ಪ್ರಗತಿಯಿಂದ ಗುರುವಿಗೆ ತೃಪ್ತಿಯಾಯಿತು.

ಶೀನು ನೀರು ತರಲು ಹಿತ್ತಲಿಗೆ ಹೋಗಿದ್ದ. ಅವನ ಹೆಂಡತಿ ಒಂದು ಕೈ ಸೊಂಟದ ಮೇಲಿಟ್ಟುಕೊಂಡು, ಇನ್ನೊಂದರಲ್ಲಿ ಕೇಸರಿಬಾತಿನ ಭಾರಿ ಹಿತ್ತಾಳೆ ಪಾತ್ರೆ ಹಿಡಿದು, ಏದುಸಿರು ಬಿಡುತ್ತ ಬಾಗಿಲು ದಾಟಿದಳು. ಅಣ್ಣಯ್ಯನ ಮೊಣಕಾಲು ಅಲುಗಿತು. ನಾನು ಅವನ ಪಂಚೆಯ ಅಂಚು ಹಿಡಿದೆ. ಅಂಚು ನನ್ನ ಕೈಯಿಂದ ಸರಕ್ಕನೆ ಜಾರಿತು. "ಕೊಡಮ್ಮ, ಕೊಡು ಇಲ್ಲಿ, ನೀನು ಹೋಗಿ ಕೂತ್ಕೋ" ಎಂದವನೇ ಪಾತ್ರೆ ತೆಗೆದುಕೊಂಡು, ನೆಟ್ಟಗೆ ಸಾಲಿನ ಕೊನೆಗೆ ನಡೆದು, ಕಿಟ್ಟಿಯ ಎಲೆಗೆ ಸಟ್ಟುಗದಿಂದ ಕೇಸರಿಬಾತು ಬಡಿಸಿದ. ಕಿಟ್ಟಿ ಹುಟ್ಟಿನಿಂದ ಬಂದ ವಾಡಿಕೆಯಂತೆ ತಟ್ಟನೆ ಕೈ ಹಾಕಿ ತಿನ್ನತೊಡಗಿದ.

"ಅಯ್ಯೋ ರಾಮ, ಗಂಡೇ ಬಡಿಸೋಕ್ಕೆ ನಿಂತ್ಬಿಟ್ನಲ್ಲೇ!" ಎಂದರು ಅತ್ತೆ. ಸರಸ ಕಣ್ಣು ಮುಚ್ಚಿಕೊಂಡಳು. ಮುಗಿಯಿತು ಎಂದುಕೊಂಡೆ. ಮದುವೆಯಾಗಲಿರುವ ಗಂಡಸು ಹೆಣ್ಣಿನ ಮನೆಯಲ್ಲಿ ಅಡುಗೆಭಟ್ಟನ ಹಾಗೆ ಸಟ್ಟುಗ ಹಿಡಿದು ನಿಂತರೆ ಯಾರು ತಾನೇ ಹೂಂ ಎನ್ನುತ್ತಾರೆ?

ಅಷ್ಟರಲ್ಲಿ ಒಳಬಾಗಿಲ ಪರದೆ ಸರಿಯಿತು. ರೇಷ್ಮೆ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಕನ್ನಡಕದ ಮೇಲೆ ಉಪ್ಪಿಟ್ಟಿನ ಹಬೆ ಕಟ್ಟಿಸಿಕೊಂಡು, ಕೈಯಲ್ಲಿ ಪಾತ್ರೆ ಹಿಡಿದು ಜಾನಕಿಯವರೇ ಬಂದುಬಿಟ್ಟರು. ಬಸುರಿ ಹೆಂಗಸು ಒಬ್ಬಳೇ ಓಡಾಡುತ್ತಿರುವಾಗ ಒಳಗೆ ಕೂತಿರಲು ಅವರಿಂದಲೂ ಆಗಿರಲಿಲ್ಲ. ಕಿಟ್ಟಿಯ ಎಲೆಯ ಮುಂದೆ ಇಬ್ಬರೂ ಎದುರುಬದುರಾಗಿ ನಿಂತರು. ಹಬೆ ಆರಿ ಕನ್ನಡಕ ತಿಳಿಯಾಗುವವರೆಗೆ ಅವರಿಗೆ ಅಣ್ಣಯ್ಯ ಕಾಣಲಿಲ್ಲ, ಆಮೇಲೆ ನೋಡಿದರು. ನಾಚಿಕೆಗೆ ಅಲ್ಲಿ ಸಮಯವಿರಲಿಲ್ಲ. "ಇದು ಬಿಸಿ ಇದೆ, ಸ್ವಲ್ಪ ಸರೀರಿ" ಎಂದು ಕಿಟ್ಟಿಯ ಎಲೆಗೆ ಉಪ್ಪಿಟ್ಟು ಬಡಿಸಿದರು. ಅಣ್ಣಯ್ಯ ಸರಿದುನಿಂತ. ಕಿಟ್ಟಿ ಎರಡನ್ನೂ ತಿಂದ.

"ಸರಿಹೋಯ್ತು! ಇಬ್ಬರೂ ಬಡಿಸೋರೇ ಆದ್ರೆ ತಿನ್ನೋರು ಯಾರಮ್ಮ?" ಎಂದರು ಅತ್ತೆ.

ಆಗ ಸರಸ ಎದ್ದಳು. ಅವಳ ಎಲೆಯೂ ನನ್ನ ಎಲೆಯೂ ಇನ್ನೂ ಬರಿದಾಗಿದ್ದವು. ಅಣ್ಣಯ್ಯನ ಕೈಯಿಂದ ಪಾತ್ರೆ ತೆಗೆದು ನನ್ನ ಕೈಗಿತ್ತು, "ಕೂತ್ಕೋ ಅಣ್ಣಯ್ಯ" ಎಂದಳು. ಧ್ವನಿಯಲ್ಲಿ ಗದರಿಕೆ ಇರಲಿಲ್ಲ, ಅಳು ಇತ್ತು. ನೀರಿನೊಂದಿಗೆ ಬಂದ ಶೀನು ನೋಡಿದ, ಅರ್ಥಮಾಡಿಕೊಂಡ. ಅಕ್ಕನ ಕೈಯಿಂದ ಉಪ್ಪಿಟ್ಟಿನ ಪಾತ್ರೆ ತೆಗೆದುಕೊಂಡು, "ನೀನೂ ಕೂತ್ಕೋ ಅಕ್ಕ" ಎಂದ. ಲಗ್ನಕ್ಕೆ ಮುಂಚೆ ಅಕ್ಕಪಕ್ಕ ಕೂಡಿಸುವುದುಂಟೇ ಎಂದು ಸರಸ ಅತ್ತೆಯ ಮುಖ ನೋಡಿದಳು. "ಕೂತ್ಕೊಳ್ಲಿ ಬಿಡಮ್ಮ, ತಿಂಡಿಗೆ ತಾನೆ" ಎಂದು ಅತ್ತೆ ಶಾಸ್ತ್ರವನ್ನು ಇನ್ನಷ್ಟು ಸಡಿಲಿಸಿದರು.

ನಾನು ಎದ್ದು ತೆರವು ಮಾಡಿದ ಮಣೆಯಲ್ಲಿ ಆಕೆ, ಪಕ್ಕದಲ್ಲಿ ಅಣ್ಣಯ್ಯ, ಇಬ್ಬರೂ ಕೂತರು. ಬರಿಗೈಗಳನ್ನು ಎಲ್ಲಿಡಬೇಕೆಂದು ಇಬ್ಬರಿಗೂ ತೋಚಲಿಲ್ಲ. ನಾನು ಅಣ್ಣಯ್ಯನ ಎಲೆಗೆ ಒಂದು ಸಟ್ಟುಗ ಕೇಸರಿಬಾತು ಹಾಕುವಷ್ಟರಲ್ಲಿ ಅವನು ಎರಡೂ ಕೈ ಅಡ್ಡ ಹಿಡಿದು "ಸಾಕು, ಸಾಕು ಕಣೋ" ಎಂದ. ಸಾಕು ಎಂದರೆ ಸಾಕು ಎಂದುಕೊಂಡು ನಾನು ಮುಂದೆ ಹೆಜ್ಜೆಯಿಟ್ಟೆ.

"ಅವರಿಗೆ ಸಾಲದು. ಇನ್ನೊಂದಿಷ್ಟು ಹಾಕಿ" ಎಂದರು ಜಾನಕಿಯವರು, ತಮ್ಮ ಎಲೆಯನ್ನೇ ನೋಡುತ್ತ.

ನಾನು ಸಟ್ಟುಗ ಹಿಡಿದು ಹಿಂತಿರುಗಿದೆ. ಅವರು ಕೊಂಚ ಕೆಂಪಾಗಿ, "ನಾನೂ ಹೀಗೇ ಸಾಕು ಅನ್ನೋದು" ಎಂದರು.

ಅಣ್ಣಯ್ಯ ಸಾಕು ಎಂದದ್ದನ್ನು ನಾನು ಅದುವರೆಗೆ ಕೇಳಿಯೇ ಇರಲಿಲ್ಲ. ಕೇಳಬೇಕಾದರೆ ಯಾರಾದರೂ ಬಡಿಸಿರಬೇಕಿತ್ತಲ್ಲ. ಅವನಿಗೆ ಕೇಸರಿಬಾತು ಇಷ್ಟವೋ ಇಲ್ಲವೋ ಎಂಬುದೂ ನನಗೆ ಗೊತ್ತಿರಲಿಲ್ಲ. ಅಣ್ಣಯ್ಯ ಆಕೆಯ ಕಡೆ ತಿರುಗಿ ನೋಡಿದ. ಆಮೇಲೆ ಮೆಲ್ಲನೆ ಎರಡೂ ಕೈಗಳನ್ನು ಎಲೆಯ ಮೇಲಿನಿಂದ ತೆಗೆದುಕೊಂಡ. ನಾನು ಬಡಿಸಿದೆ. "ಅವರ ಎಲೆಗೂ ಹಾಕೋ" ಎಂದ. ಆಕೆ ಕೈ ಅಡ್ಡ ಹಿಡಿಯಲಿಲ್ಲ.

ಉತ್ತರಕ್ಕಾಗಿ ಚಡಪಡಿಸುತ್ತಿದ್ದ ಶೀನು ಬಗ್ಗಿ, "ಏನಕ್ಕಾ?" ಎಂದು ಪಿಸುಗುಟ್ಟಿದ. "ಏನು ಏನು? ಹೂಂ ಅಂತ ಹೇಳು ಅವರಿಗೆ. ಉಪ್ಪಿಟ್ಟು ಆರಿಹೋಗ್ತಿದೆ" ಎಂದರು ಜಾನಕಿಯವರು. ಅತ್ತೆ ಕುಂಕುಮದ ಭರಣಿ ತರಲು ಒಳಗೆ ಓಡಿದರು. ಸರಸ ಕಂಬಕ್ಕೊರಗಿ ನಿಸ್ಸಂಕೋಚವಾಗಿ ಅಳುತ್ತಿದ್ದಳು. ನಾನೂ ಕಣ್ಣೊರೆಸಿಕೊಂಡೆ, ಸ್ವಲ್ಪ ಸಂಕೋಚದಿಂದ.

ಅಣ್ಣಯ್ಯ ತಿಂದ. ಮತ್ತೆ ಬಡಿಸಿದೆ, ಮತ್ತೆ ತಿಂದ. ಮೂರನೆಯ ಸಲ ಸಟ್ಟುಗ ಪಾತ್ರೆಯ ತಳ ಕೆರೆಯಿತು. ಆ ಸದ್ದಿಗೆ ಅವನು ತುತ್ತನ್ನು ಅರ್ಧದಲ್ಲೇ ನಿಲ್ಲಿಸಿ ತಲೆಯೆತ್ತಿ ನನ್ನನ್ನು ನೋಡಿದ.

"ನಿನಗೂ ಸರಸಂಗೂ ಉಳೀತೇನೋ?"

"ಬೇಕಾದಷ್ಟಿದೆ ಅಣ್ಣಯ್ಯ, ನೀನು ತಿನ್ನು" ಎಂದು ನಾನು ಖಾಲಿ ಪಾತ್ರೆಯನ್ನು ಬೆನ್ನ ಹಿಂದೆ ಹಿಡಿದುಕೊಂಡೆ.