ತಲೆಯ ಮೇಲಿನ ಕೈ

ಅಪ್ಪನ ಕೈ ಉಳಿದದ್ದು ಡಾಕ್ಟರಮ್ಮನ ಕೈಗುಣದಿಂದ ಎಂದು ಗ್ರಾಂಟ್ ರೋಡಿನ ನಮ್ಮ ಹೋಟೆಲಿನವರೆಲ್ಲ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಅವರ ಕೈಗಿಂತ ಮೊದಲು ಕೆಲಸ ಮಾಡಿದ್ದು ಕಣ್ಣು.

ದೋಸೆ ಹೊಯ್ಯುವ ಅಪ್ಪನ ಬಲಗೈ ನೋಯುತ್ತಿತ್ತು; ಹೆಬ್ಬೆರಳು ಜೋಮು ಹಿಡಿದು ಸೌಟು ಜಾರುತ್ತಿತ್ತು. ಬಿಡುವಾದಾಗಲೆಲ್ಲ ಅವರು ತಲೆಯ ಮೇಲೆ ಕೈ ಹೊತ್ತು ಕೂರುತ್ತಿದ್ದರು. ಅಂಧೇರಿಯ ಡಾಕ್ಟರಮ್ಮನ ಕ್ಲಿನಿಕ್ಕಿನಲ್ಲೂ ಹಾಗೇ ಕೂತಾಗ ಅಮ್ಮ ಗದರಿದಳು: "ಕೈ ತೆಗೀರಿ ಮಾರಾಯ್ರೆ, ದರಿದ್ರ!"

"ತೆಗೀಬ್ಯಾಡ್ರಿ," ಎಂದರು ಧಾರವಾಡದ ಕಡೆಯ ಡಾಕ್ಟರಮ್ಮ. "ಹಂಗ ಇಟ್ರ ನೋವು ಕಡಿಮಿ ಆಗ್ತೈತಲ್ರಿ?"

ಅಪ್ಪ ಹೌದೆಂದರು. ಪರೀಕ್ಷೆ ಮಾಡಿ, ಕುತ್ತಿಗೆಗೆ ಆಪರೇಷನ್ ಆಗಬೇಕು ಎಂದರು ಡಾಕ್ಟರಮ್ಮ.

"ನೋವು ಕೈಯಲ್ಲಿ, ಕೊಯ್ಯೋದು ಕುತ್ತಿಗೆಯನ್ನಾ?" ನಾನು ವಾದಕ್ಕಿಳಿದೆ.

ಅವರು ಮೇಜಿನ ಮೇಲಿದ್ದ ಪ್ಲಾಸ್ಟಿಕ್ ಕುತ್ತಿಗೆಯ ಎಲುಬುಗಳ ನಡುವಿನ ಕಿಂಡಿಗೆ ದಾರ ತೂರಿಸಿದರು. "ಹೆಬ್ಬೆರಳಿನ ನರ ಇಲ್ಲಿಂದ ಹೊರಗ ಬರತೈತಿ. ಎಲುಬು ಬೆಳದು ಕಿಂಡಿ ಸಣ್ಣದಾಗೇತಿ, ಅಷ್ಟ. ಕೈ ಎತ್ತಿದ್ರ ನರದ ಬಿಗಿ ಇಳೀತೈತಿ."

"ಹಾಗಾದ್ರೆ ಕಿಂಡಿ ದೊಡ್ಡದಾಗಿಯೇ ಕೆತ್ತಿಬಿಡಿ."

"ಹೆಚ್ಚು ಕೆತ್ತಿದ್ರ ಕೀಲು ಗಟ್ಟಿ ಉಳಿಯಂಗಿಲ್ಲ. ಮುಂದಗಡೆ ಮಿದುಳಿಗೆ ಹೋಗೋ ರಕ್ತನಾಳ ಐತಿ. ವಾದ ಮಾಡಾಕ ಅಲ್ಲಿ ಜಾಗಾ ಇಲ್ಲ, ತಮ್ಮಾ."

ಬಂದವರಿಗೆಲ್ಲ ಅವರದು ಅದೇ ಮಾತು: ಕಿಂಡಿ ಸಣ್ಣದಾಗೇತಿ, ಅಷ್ಟ. ಆ 'ಅಷ್ಟ'ದಲ್ಲೇ ಅರ್ಧ ಹೆದರಿಕೆ ಇಳಿಯುತ್ತಿತ್ತು.

ಆಪರೇಷನ್ ಆಗಿ ಅಪ್ಪ ಮತ್ತೆ ಕಾವಲಿಯ ಮುಂದೆ ನಿಂತ ಮೇಲೆ, ಒಂದು ಮಧ್ಯಾಹ್ನ ಅವರೇ ಹೊಯ್ದ ದೋಸೆ ಕಟ್ಟಿಸಿಕೊಂಡು ಕ್ಲಿನಿಕ್ಕಿಗೆ ಹೋದೆ. ದಿನವಿಡೀ ಬೇರೆಯವರ ಕುತ್ತಿಗೆಯ ಮೇಲೆ ಬಗ್ಗಿರುವ ಡಾಕ್ಟರಮ್ಮ ಒಬ್ಬರೇ ಕೂತಿದ್ದರು, ಬಲಗೈ ತಲೆಯ ಮೇಲೆ. ನನ್ನನ್ನು ಕಂಡೊಡನೆ ಕೈ ಇಳಿಸಿ, ನಗುತ್ತಾ ಅದನ್ನೇ ಪೊಟ್ಟಣಕ್ಕೆ ಚಾಚಿದರು.

"ಡಾಕ್ಟ್ರೇ, ನಿಮ್ಮ ಕಿಂಡಿ ಯಾರು ನೋಡ್ತಾರೆ?"