ಕೊಡ ಹೊರುವುದು ಕೆಲಸವಲ್ಲ

ಮಲೆಯಾಚೆಯ ಪೆರಿಯಾರ್ ನೀರನ್ನು ಬೆಟ್ಟ ಕೊರೆದು ನಮ್ಮ ಕಂಬಂ ಕಣಿವೆಗೆ ತಿರುಗಿಸಿದ ಮಾರನೆಯ ವರ್ಷ ನನ್ನ ಗಂಡ ದಿಂಡಿಗಲ್ಲಿನಲ್ಲಿ ಓದು ಮುಗಿಸಿ ಹನುಮಂತನಪಟ್ಟಿಗೆ ಬಂದರು. ಅವರು ಓದನ್ನು ಮುಗಿಸಿದರೋ, ಓದೇ ಅವರ ಸಹವಾಸ ಮುಗಿಸಿಕೊಂಡಿತೋ, ಪರೀಕ್ಷೆಯ ಮಾತನ್ನು ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ಊರಿಗೆ ಹೊಸದಾಗಿ ಶಾಲೆ ಬಂದಿತ್ತು, ಉಪಾಧ್ಯಾಯರು ಬೇಕಾಗಿತ್ತು, ಇವರ ಹತ್ತಿರ ತೊಡಲು ಕೋಟು ಇತ್ತು. ನೌಕರಿ ಸಿಕ್ಕಿತು.

ನಾನು ಗೂಡಲೂರಿನಿಂದ ಬಂದ ಸೊಸೆ. ಮನೆಯಲ್ಲಿ ಅತ್ತೆ, ಮಾವ, ನಾವಿಬ್ಬರು. ಮಾವನವರು ಗದ್ದೆ ನೋಡಿಕೊಳ್ಳುತ್ತಿದ್ದರು, ಎಂದರೆ ಜಗಲಿಯ ಮೇಲೆ ಕೂತು ಗದ್ದೆಯಿದ್ದ ದಿಕ್ಕನ್ನು ನೋಡುತ್ತಿದ್ದರು.

ಮರುದಿನದ ಪಾಠವನ್ನು ಹಿಂದಿನ ಸಂಜೆಯೇ ನಮ್ಮ ಮುಂದೆ ಒಪ್ಪಿಸಿ ನೋಡುವುದು ನನ್ನ ಗಂಡನ ಅಭ್ಯಾಸ. ಬಲ ಎಂದರೆ ತಳ್ಳುವುದು ಇಲ್ಲವೆ ಎಳೆಯುವುದು ಎಂದು ಒಂದು ಸಂಜೆ ಶುರು ಮಾಡಿದರು. ಅದು ನಿಂತದ್ದನ್ನು ನಡೆಸುತ್ತದೆ, ನಡೆಯುವುದನ್ನು ನಿಲ್ಲಿಸುತ್ತದೆ, ದಿಕ್ಕು ತಿರುಗಿಸುತ್ತದೆ, ಆಕಾರ ಬದಲಿಸುತ್ತದೆ. ಅತ್ತೆ ರಾಗಿಮುದ್ದೆ ಕಟ್ಟುತ್ತ ಹೂಂಗುಟ್ಟಿದರು. ಅವರಿಗೆ ಅದರಲ್ಲಿ ಹೊಸದೇನೂ ಕಾಣಲಿಲ್ಲ. ಆಮೇಲೆ ಕೆಲಸದ ಪಾಠ ಬಂತು. ಬಲ ಹಾಕಿದ ದಿಕ್ಕಿನಲ್ಲಿ ವಸ್ತು ಸರಿದರೆ ಮಾತ್ರ ಕೆಲಸ. ದಿನವಿಡೀ ಗೋಡೆ ತಳ್ಳಿದರೂ ಗೋಡೆ ಅಲುಗದಿದ್ದರೆ ಕೆಲಸ ಸೊನ್ನೆ. ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಉಪಾಧ್ಯಾಯರಿಗೆ ಉದಾಹರಣೆ ಬೇಕಲ್ಲ, ನಾನು ಅದೇ ಹೊತ್ತಿಗೆ ಹೊಳೆಯಿಂದ ನೀರು ತಂದು ಇಳಿಸುತ್ತಿದ್ದೆ.

ಹೆಂಗಸು ಕೊಡ ಹೊತ್ತು ಸಮತಟ್ಟಾದ ದಾರಿಯಲ್ಲಿ ಬರುತ್ತಾಳೆ ಎಂದರು. ಅವಳ ಬಲ ಕೊಡವನ್ನು ಮೇಲಕ್ಕೆ ಹಿಡಿದಿದೆ, ಕೊಡ ಹೋಗುವುದು ಮುಂದಕ್ಕೆ. ಆದ್ದರಿಂದ ಶಾಸ್ತ್ರದ ಪ್ರಕಾರ ಅವಳು ಕೊಡ ಹೊರುವುದು ಕೆಲಸವೇ ಅಲ್ಲ. ನೆಲದಿಂದ ತಲೆಗೆ ಎತ್ತುವಾಗ ಒಂದಿಷ್ಟು ಮಾಡಿದಳು, ಅಷ್ಟೆ.

ಕುತ್ತಿಗೆ ನೋಯುತ್ತದಲ್ಲ ಎಂದು ಕೇಳಿದೆ. ನೋವು ಬೇರೆ, ಕೆಲಸ ಬೇರೆ ಎಂದರು. ಪುಸ್ತಕದ ಮಾತು ಸುಳ್ಳಲ್ಲವಂತೆ. ಆದರೆ ಅದು ಮಾವನವರ ಕಿವಿಗೆ ಬಿತ್ತು.

ಮಾವನವರು ಮಾರನೆಯ ದಿನದಿಂದಲೇ ಜಗಲಿಯಲ್ಲಿ ಪಾಠ ಹೇಳತೊಡಗಿದರು. ನೀರಿಗೆ ಹೋಗಿ ಬರುವ ಹೆಂಗಸರನ್ನು ತಡೆದು, ನೀವು ಮಾಡುತ್ತಿರುವುದು ಕೆಲಸವಲ್ಲ, ನನ್ನ ಮಗ ಓದಿ ಬಂದಿದ್ದಾನೆ ಎಂದು ತಿಳಿಸಿದರು. ಪಾಠ ಜಗಲಿಯಿಂದ ಜಗಲಿಗೆ ಹರಡಿತು. ಶಾಲೆಯಿಂದ ಊರು ಕೆಡುತ್ತದೆ ಎನ್ನುತ್ತಿದ್ದ ಗಂಡಸರೂ ವಿದ್ಯೆಯಲ್ಲಿ ಏನೋ ಇದೆ ಎಂದು ಒಪ್ಪಿದರು. ನನಗಂತೂ ಸಿಟ್ಟಿಗಿಂತ ನಾಚಿಕೆ ಹೆಚ್ಚಾಯಿತು. ಕೊಡ ಹೊತ್ತು ಜಗಲಿ ದಾಟುವಾಗ ಸೋಮಾರಿತನ ಮಾಡಿ ಸಿಕ್ಕಿಬಿದ್ದವಳಂತೆ ತಲೆ ತಗ್ಗಿಸಲು ನೋಡುತ್ತಿದ್ದೆ. ತಲೆಯ ಮೇಲೆ ಕೊಡವಿದ್ದುದರಿಂದ ತಗ್ಗಿಸುವಂತೆಯೂ ಇರಲಿಲ್ಲ.

ಆಗ ನಾನು ಬಸುರಿ. ಒಂದು ಬೆಳಿಗ್ಗೆ ಸೊಂಟ ಹಿಡಿದುಕೊಂಡಿತು. ಈ ಹೊತ್ತು ನೀರು ಬೇರೆ ಯಾರಾದರೂ ತರಲಿ ಎಂದು ಅತ್ತೆಗೆ ಹೇಳುತ್ತಿದ್ದೆ. ಜಗಲಿಯಿಂದ ಮಾವನವರು ನುಡಿದರು:

"ಸುಮ್ನೆ ನಡ್ಕೊಂಡು ಬರೋದು ತಾನೆ? ಅದ್ರಾಗೆ ವೇಲೆ ಏನೈತೆ?"

ವೇಲೆ ಎಂದರೆ ತಮಿಳು ಬೆರೆತ ನಮ್ಮ ಮನೆಮಾತಿನ ಕನ್ನಡದಲ್ಲಿ ಕೆಲಸ. ಅತ್ತೆ ಹೆಚ್ಚು ಮಾತಿನವರಲ್ಲ. ಎರಡು ಹಿತ್ತಾಳೆ ಕೊಡ ತಂದು ಜಗಲಿಯಲ್ಲಿ ಅಪ್ಪ ಮಗನ ನಡುವೆ ಇಟ್ಟರು.

"ವೇಲೆ ಅಲ್ದದ್ನ ಮಾಡಕ್ಕೆ ಹೆಣ್ಣಾಳಿಗೆ ಹೊತ್ತಿಲ್ಲ ಪಾ," ಎಂದು ಮಗನಿಗೆ ಹೇಳಿದರು. "ಹೊತ್ತಿರೋರು ತರ್ಲಿ."

ಹೇಳಿ ಒಳಗೆ ಹೋಗಿ ಬೀಸುಕಲ್ಲಿನ ಮುಂದೆ ಕೂತರು. ಸ್ವಲ್ಪ ಹೊತ್ತಿನಲ್ಲೇ ಮಾವನವರಿಗೆ ತಮ್ಮ ವಯಸ್ಸು ನೆನಪಾಯಿತು. ನನ್ನ ಗಂಡ ಒಂದು ಕೊಡ ಎತ್ತಿಕೊಂಡು ಹೊರಟರು. ಉಪಾಧ್ಯಾಯರ ಮರ್ಯಾದೆ ಎಂದು ಕೋಟು ತೊಟ್ಟೇ ಹೋದರು. ಶಾಲೆಯ ಮಕ್ಕಳು ಇದೂ ಪಾಠವಿರಬೇಕೆಂದು ಹಿಂದೆ ನಡೆದರು.

ನಾನು ಹಿತ್ತಿಲ ಬೇಲಿಯ ಬಳಿ ನಿಂತು ನೋಡಿದೆ. ಬರುವಾಗ ಕೊಡ ಭುಜದ ಮೇಲಿತ್ತು. ಗದ್ದೆಬದು ಪುಸ್ತಕದಲ್ಲಿ ಇದ್ದಷ್ಟೇ ಸಮತಟ್ಟಾಗಿತ್ತು, ಆದರೆ ಪುಸ್ತಕದ ದಾರಿಯಲ್ಲಿ ಕೆಸರಿರಲಿಲ್ಲ. ಬಲಗಾಲು ಹೂತಿತು. ಕಾಲು ನಿಂತಿತು, ಕೊಡ ನಿಲ್ಲಲಿಲ್ಲ. ಅದು ಮುಂದಕ್ಕೆ ಹಾರಿ ಗದ್ದೆಗೆ ನೀರು ಬಿಡುವ ಮಡೆಯ ಕಲ್ಲಿಗೆ ಬಡಿದು, ಹೊಟ್ಟೆ ನೆಗ್ಗಿಸಿಕೊಂಡು, ಪಕ್ಕಕ್ಕೆ ತಿರುಗಿ ಭತ್ತದ ಪೈರಿನಲ್ಲಿ ಮಲಗಿತು. ನನ್ನ ಗಂಡ ಕೋಟಿನ ಸಮೇತ ಕೆಸರಿನಲ್ಲಿ ಮಲಗಿದರು. ಮಕ್ಕಳು ನಗಬೇಕೋ ಬರೆದುಕೊಳ್ಳಬೇಕೋ ತಿಳಿಯದೆ ನಿಂತಿದ್ದರು. ಮೊದಲು ನನಗೆ ನಗು ಬಂತು, ಅವರು ಏಳದೇ ಇದ್ದಾಗ ಗದ್ದೆಯ ಆಳುಗಳನ್ನು ಕೂಗಿ ಕರೆದೆ.

ಆಳುಗಳು ಎತ್ತಿ ತಂದರು. ಬೆನ್ನು ಉಳುಕಿತ್ತು. ಅತ್ತೆ ಬೆಚ್ಚಗಿನ ಎಣ್ಣೆ ತಿಕ್ಕಿದರು. ಅವರು ನರಳಿದಾಗ ಅತ್ತೆ ಕೇಳಿದ್ದು ಇಷ್ಟೇ: "ನೋವು ಬೇರೆ ಅಂದ್ಯಲ್ಲ, ಕಣ್ಣು?" ಕಣ್ಣು ಎಂದದ್ದು ಮಗನೆಂಬ ಅಕ್ಕರೆಗೆ. ತಿಕ್ಕುವ ಕೈ ಮಾತ್ರ ಮೃದುವಾಗಿತ್ತು.

ಮಗ ಏಳುವ ತನಕ ಮಾವನವರೇ ನೀರು ತಂದರು. ಜಗಲಿಗಳಲ್ಲಿ ಯಾರೂ ಕೂತಿರದ ನಸುಕಿನಲ್ಲೇ ಹೋಗಿ ಬರುತ್ತಿದ್ದರು, ಬಂದ ಮೇಲೆ ಯಾರೊಂದಿಗೂ ಶಾಸ್ತ್ರ ಮಾತಾಡುತ್ತಿರಲಿಲ್ಲ. ನನಗೆ ಹೆರಿಗೆಯಾಗುವವರೆಗೆ ಕೊಡ ಮುಟ್ಟಲು ಅತ್ತೆ ಬಿಡಲಿಲ್ಲ.

ನನ್ನ ಗಂಡ ಚೇತರಿಸಿಕೊಂಡು ಶಾಲೆಗೆ ಹೋದರು. ಪಾಠ ಬದಲಿಸುವಂತಿರಲಿಲ್ಲ, ಪುಸ್ತಕ ಸರಿಯಾಗಿಯೇ ಇತ್ತು. ಅದರಿಂದ ಕೊಡ ಹೊತ್ತ ಹೆಂಗಸನ್ನು ಮಾತ್ರ ತೆಗೆದು, ಆ ಜಾಗದಲ್ಲಿ ರೈಲು ನಿಲ್ದಾಣದಲ್ಲಿ ಟ್ರಂಕು ಹೊತ್ತು ನಡೆಯುವ ಕೂಲಿಯನ್ನು ಇಟ್ಟರು. ಶಾಲೆ ನೋಡಲು ಮಧುರೆಯಿಂದ ಬಂದ ಇನ್ಸ್‌ಪೆಕ್ಟರಿಗೆ ಆ ಉದಾಹರಣೆ ಬಹಳ ಹಿಡಿಸಿತು. ನಮ್ಮೂರಿಗೆ ರೈಲು ಇರಲಿಲ್ಲ, ತಕರಾರು ಹೇಳಲು ಯಾವ ಕೂಲಿಯೂ ಬರಲಿಲ್ಲ.